ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡವರು

ಕನ್ನಡ ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲಿನ ಸುದ್ದಿ ಬಂತು. ಟೆಲಿಫೋನ್ ಇಲಾಖೆಯ ನಿವೃತ್ತ ನೌಕರರು, ಹೈದರಾಬಾದಿನ ಮಲ್ಕಾಜ್‌ಗಿರಿಯ ನಿವಾಸಿ, ಅವಿವಾಹಿತೆ, ಅಲ್ಪಕಾಲದ ಅನಾರೋಗ್ಯದಿಂದ ನಿಧನರಾದರು, ತಮ್ಮನ ಕುಟುಂಬವನ್ನು ಅಗಲಿದ್ದಾರೆ. ಇಷ್ಟೇ. ಓದಿ ನನಗೆ ಮೈಯೆಲ್ಲ ಉರಿಯಿತು. ಪತ್ರಿಕೆ ಹಿಡಿದುಕೊಂಡೇ ಅವರ ತಮ್ಮನ ಮನೆಗೆ ಹೋದೆ. ಒಂದೇ ಗಲ್ಲಿ, ಐದಾರು ಮನೆ ಆಚೆ.

"ಸಿನಿಮಾದ ಮಾತು ಯಾಕ ಹಾಕಿಸಲಿಲ್ರಿ?" ಎಂದು ಕೇಳಿದೆ.

ಅವರು ರೈಲ್ವೆಯಿಂದ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಈಗ ಅದೆಲ್ಲಾ ಯಾಕ್ರಿ ಬಾಯಾರ? ಹೋದಾಕಿ ಹೋದಳು. ನೀವೂ ಏನರೆ ಬರ್ಯಾಕ ಹೋಗಬ್ಯಾಡ್ರಿ ಮತ್ತ. ಹೆಸರು ಹೊರಗ ಬಂದ್ರ ಮಂದಿ ಏನೇನರ ಅಂತಾರ."

ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಹೆಸರು ಬರೆಯುವುದಿಲ್ಲ. ಉಳಿದದ್ದನ್ನೆಲ್ಲ ಬರೆಯುತ್ತೇನೆ. ಯಾರಿಗೆ ಏನು ಅನ್ನಬೇಕೋ ಅಂದುಕೊಳ್ಳಲಿ.

ನಾನು ಕಲಬುರಗಿಯಿಂದ ಹೈದರಾಬಾದಿಗೆ ಬಂದು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ, ಈಗ ತೀರಿಹೋದ ಇವರು ಅಲ್ಲಿ ಹಳಬರು. ಎಲ್ಲರಿಗೂ ಅಕ್ಕಾರು. ಕುಳ್ಳು, ಕಪ್ಪು, ಹಣೆಯ ತುಂಬ ಕುಂಕುಮ, ಬಿಗಿಯಾಗಿ ಕಟ್ಟಿದ ತುರುಬು. ಕಿವಿಗೆ ಹಾಕಿಕೊಂಡ ಹೆಡ್‌ಫೋನ್ ತೆಗೆದ ಕೂಡಲೇ ಎಡಗಿವಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುವುದು ಅಭ್ಯಾಸ. ಫೋನಿನಲ್ಲಿ ಹಳೇ ಶಹರದವರ ಜೊತೆ ಉರ್ದು, ಓಣಿಯಲ್ಲಿ ತರಕಾರಿಯವಳ ಜೊತೆ ತೆಲುಗು, ನಮ್ಮಂಥವರನ್ನು ಬೈಯಲು ಮಾತ್ರ ಕನ್ನಡ. "ಬಯ್ಯಾಕ ಬ್ಯಾರೆ ಭಾಷಾ ಒಗ್ಗೂದಿಲ್ಲವಾ ನನಗ," ಎನ್ನುತ್ತಿದ್ದರು.

ಆಗ ದೂರದ ಊರಿಗೆ ಮಾತಾಡಬೇಕಾದರೆ ಕಾಲ್ ಬುಕ್ ಮಾಡಿ ಕಾಯುತ್ತ ಕೂಡಬೇಕಿತ್ತು. ಲೈನು ಸಿಗುವ ಲಕ್ಷಣ ಇಲ್ಲದಿದ್ದರೂ "ಕಾಯಿರಿ, ಸಿಗುತ್ತದೆ" ಎಂದು ಹೇಳುತ್ತಿರಬೇಕು, ಇದು ನಮ್ಮ ಸೂಪರ್‌ವೈಸರ್ ಹಾಕಿಕೊಟ್ಟ ಪದ್ಧತಿ. ಅಕ್ಕಾರು ಒಂದು ದಿನವೂ ಹಾಗೆ ಹೇಳಲಿಲ್ಲ. "ಸಾಬ್, ಆಜ್ ಲೈನ್ ನಹೀ ಮಿಲೇಗಾ. ಘರ್ ಜಾಕೇ ಆರಾಮ್ ಸೇ ಖಾನಾ ಖಾವ್," ಎಂದು, ಸಿಗದ ಲೈನನ್ನು ಸಿಗುವುದಿಲ್ಲವೆಂದೇ ಹೇಳಿ, ಮನೆಗೆ ಹೋಗಿ ಉಣ್ಣಲು ಕಳಿಸಿ ಫೋನ್ ಇಟ್ಟುಬಿಡುತ್ತಿದ್ದರು. ಸೂಪರ್‌ವೈಸರ್ ಮೆಮೊ ಕೊಡುತ್ತಿದ್ದ. ಅದನ್ನು ತೆಗೆದುಕೊಂಡು ನೀಟಾಗಿ ಮಡಚಿ ಊಟದ ಡಬ್ಬಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು, ಬದನೆಕಾಯಿ ಎಣ್ಣೆಗಾಯಿಯ ಎಣ್ಣೆ ಮೇಜಿಗೆ ಹತ್ತದಿರಲೆಂದು.

"ಇಲ್ಲ ಅನ್ನೂದು ಪಾಪ ಅಲ್ಲ ಹುಡುಗಿ. ಕಾಯಸೂದು ಪಾಪ." ಇದು ಅವರ ಮಾತು. ದಿನಕ್ಕೆ ಒಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮ ಅವ್ವ ಅಕ್ಕಾರನ್ನೂ ಕರೆದಿದ್ದಳು. ನಮ್ಮ ಕಡೆ ಕನ್ಯೆ ನೋಡುವುದೆಂದರೆ ಹೇಗೆಂದು ನಿಮಗೆ ಗೊತ್ತು. ಶಿರಾ, ಉಪ್ಪಿಟ್ಟು, ಚಹಾ. ಹುಡುಗಿ ಟ್ರೇ ಹಿಡಿದು ಬರಬೇಕು, ತಲೆ ತಗ್ಗಿಸಬೇಕು, ಹಾಡೆಂದರೆ ಹಾಡಬೇಕು. ಎಲ್ಲ ಮುಗಿಸಿ ಗಂಡಿನ ತಂದೆ ಕೈ ತೊಳೆದು "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಏಳಲು ಹೋದರು. ಅಕ್ಕಾರು ಬಾಗಿಲಿಗೆ ಅಡ್ಡ ನಿಂತರು.

"ಊರಿಗೆ ಹೋದ ಮ್ಯಾಲೆ ಏನ್ ಹೊಸಾದ ತಿಳೀತದರಿ ನಿಮಗ? ಹುಡುಗಿ ಇಲ್ಲೇ ಐತಿ, ಹುಡುಗನೂ ಇಲ್ಲೇ ಅದಾನ. ಪಸಂದ ಐತೋ ಇಲ್ಲೋ ಇಲ್ಲೇ ಹೇಳಿ ಹೋಗ್ರಿ."

ಅವ್ವನಿಗೆ ಜೀವ ಬಾಯಿಗೆ ಬಂತು. ಗಂಡಿನ ತಂದೆ ಗಾಬರಿಯಲ್ಲಿ ಹೌದೆಂದುಬಿಟ್ಟರು. ಆ ಹುಡುಗನೇ ನನ್ನ ಗಂಡ. ಅಕ್ಕಾರು ನಮ್ಮ ಮನೆಗೆ ಬಂದರೆ ನನ್ನ ಗಂಡ ಪಾಪ ಕೊನೆಯವರೆಗೂ ಎದ್ದು ನಿಲ್ಲುತ್ತಿದ್ದರು.

ಮರುದಿನ ಊಟದ ಹೊತ್ತಿಗೆ ಕೇಳಿದೆ, ಅಷ್ಟು ಸಿಟ್ಟು ಎಲ್ಲಿಂದ ಬಂತೆಂದು. ಆಗ ಸಿನಿಮಾದ ವಿಷಯ ಹೇಳಿದರು. ಐವತ್ತರ ದಶಕದಲ್ಲಿ ಅವರ ತಂದೆಯನ್ನು ರೈಲ್ವೆಯವರು ಗದಗಿನಿಂದ ಮದ್ರಾಸಿಗೆ ವರ್ಗ ಮಾಡಿದ್ದರು. ಪಕ್ಕದ ಮನೆಯಲ್ಲಿ ಧಾರವಾಡದ ಗೃಹಸ್ಥರೊಬ್ಬರು, ಸ್ಟುಡಿಯೋದಲ್ಲಿ ಮೇಕಪ್ ಮಾಡುವವರು. ಅಲ್ಲಿ ಒಂದು ಕನ್ನಡ ಹಾಸ್ಯಚಿತ್ರ ತೆಗೆಯುತ್ತಿದ್ದರು. ಕನ್ಯೆ ನೋಡುವ ದೃಶ್ಯಕ್ಕೆ ಬರಬೇಕಾದ ಹುಡುಗಿ ಬಂದಿಲ್ಲ, ಒಂದೇ ದಿನದ ಕೆಲಸ, ಸುಮ್ಮನೆ ಕೂತು ಎದ್ದು ಹೋದರಾಯಿತು ಎಂದು ತಂದೆಯನ್ನು ಒಪ್ಪಿಸಿದರು.

ಚಿತ್ರದ ಕಥೆ ಇಷ್ಟು. ಒಬ್ಬ ಸೋದರಮಾವ, ಅಳಿಯನಿಗೆ ಹೆಣ್ಣು ನೋಡುವ ನೆಪದಲ್ಲಿ ಊರೂರು ತಿರುಗುತ್ತಾನೆ. ಅವನಿಗೆ ಮದುವೆ ಬೇಕಿಲ್ಲ, ಶಿರಾ ಉಪ್ಪಿಟ್ಟು ಬೇಕು. ಹೋದ ಮನೆಯಲ್ಲೆಲ್ಲ ಹೊಟ್ಟೆ ಬಿರಿಯುವಂತೆ ತಿನ್ನುತ್ತಾನೆ, ಹುಡುಗಿಯನ್ನು ನಡೆಸುತ್ತಾನೆ, ಹಾಡಿಸುತ್ತಾನೆ, ಸೂಜಿಗೆ ದಾರ ಹಾಕಿಸುತ್ತಾನೆ, ಕೊನೆಗೆ ತೇಗಿ "ಊರಿಗೆ ಹೋಗಿ ಕಾಗದ ಬರೀತೀವ್ರಿ" ಎನ್ನುತ್ತಾನೆ. ಅಳಿಯನ ಮನಸ್ಸು ಮಾತ್ರ ಅವರದೇ ಓಣಿಯ ಹುಡುಗಿಯ ಮೇಲೆ. ಕೊನೆಗೆ ಹೇಗೋ ಅವರಿಬ್ಬರ ಮದುವೆಯಾಗುತ್ತದೆ. ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗದ ಚಿತ್ರ. ಹೆಸರು ಹೇಳಿದರೆ ಸಿನಿಮಾ ಅರೆದು ಕುಡಿದವರೂ ಹುಬ್ಬು ಗಂಟಿಕ್ಕುತ್ತಾರೆ. ಸೋದರಮಾವ ಹೋಗುವ ಮೂರನೆಯ ಮನೆಯ ಹುಡುಗಿ ನಮ್ಮ ಅಕ್ಕಾರು.

"ಅಂವ ಕಾಗದ ಬರೀತೀವಿ ಅಂದ ಕೂಡಲೆ ನಾ ಸೆರಗ ಬಾಯಿಗೆ ಇಟಗೊಂಡ ಅಳಕೋತ ಒಳಗ ಓಡಬೇಕು, ಅಂತ ಹೇಳಿಕೊಟ್ಟಿದ್ರು," ಎಂದರು ಅಕ್ಕಾರು. "ನನಗ ಅಳು ಬರಲಿಲ್ಲ. ಮುಂಜಾನಿಂದ ಹಸಗೊಂಡ ಕುಂತಾಕಿ ನಾನು. ಆ ಮನಶ್ಯಾ ನನ್ನ ಎದುರಿಗೆ ಖರೇಖರೇನ ತಿನ್ನಾಕತ್ತಿದ್ದ. ಮಾತು ಮುಗಿಸಿ ಇನ್ನೊಂದು ತುತ್ತು ತಗೊಂಡ ನೋಡು, ಸಿಟ್ಟ ನೆತ್ತಿಗೇರ್ತು. ಹೋಗಿ ಅವನ ಮುಂದಿನ ತಟ್ಟಿ ಎತಗೊಂಡ ಒಳಗ ನಡದೆ. ತುತ್ತು ಕೈಯಾಗ ಹಂಗ ಉಳೀತು."

ಡೈರೆಕ್ಟರ್ ಕುರ್ಚಿಯಿಂದ ಬೀಳುವಂತೆ ನಕ್ಕರಂತೆ. ಇನ್ನೊಮ್ಮೆ ತೆಗೆಯುವುದು ಬೇಡ, ಇದೇ ಇರಲಿ ಎಂದರಂತೆ.

ಅಲ್ಲಿ ನಕ್ಕರು, ಊರಲ್ಲಿ ಯಾರೂ ನಗಲಿಲ್ಲ. ಕುಟುಂಬ ಗದಗಿಗೆ ಮರಳಿದ ಮೇಲೆ ಆ ಚಿತ್ರ ಅಲ್ಲಿಯ ಥೇಟರಿಗೂ ಬಂತು. ತಂದೆ ಇವರನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಊರೆಲ್ಲ ನೋಡಿತು, ಇವರೊಬ್ಬರೇ ನೋಡಲಿಲ್ಲ. ಸಿನಿಮಾದಲ್ಲಿ ಪಾರ್ಟು ಮಾಡಿದ ಹುಡುಗಿ ಎಂಬ ಹೆಸರು ಬಿತ್ತು. ಆದರೂ ನೋಡಲು ಬರುವವರು ಬರುತ್ತಲೇ ಇದ್ದರು. ತಿನ್ನುತ್ತಿದ್ದರು, ಕುತೂಹಲ ತೀರುವಷ್ಟು ನೋಡುತ್ತಿದ್ದರು, ಕಾಗದ ಬರೆಯುತ್ತೇವೆ ಎಂದು ಹೋಗುತ್ತಿದ್ದರು. ಮನೆಯವರು ಅಂಚೆಯವನ ದಾರಿ ಕಾಯುತ್ತಿದ್ದರು.

"ಆವಾಗ ಯಾರದರೆ ತಟ್ಟಿ ಎತ್ತಿದ್ರೇನ್ರಿ ಅಕ್ಕಾರ?" ಎಂದು ನಾನು ಕೇಳಿದೆ.

ಅವರು ಎಡಗಿವಿ ಉಜ್ಜಿಕೊಂಡರು. "ಇಲ್ಲವಾ. ಎದುರಿಗೆ ಅಪ್ಪ ಕುಂತಿರತಿದ್ದ. ಅವನ ಮಾರಿ ನೋಡಿ ಸುಮ್ಮಕಾಗತಿದ್ದೆ. ಕ್ಯಾಮೆರಾದ ಮುಂದ ಬಂದ ಧೈರ್ಯಾ ನಮ್ಮ ಮನ್ಯಾಗ ಬರಲೇ ಇಲ್ಲ. ಮಂದಿ ಮನ್ಯಾಗ ಬಾಗಲಾ ಅಡ್ಡಗಟ್ಟತೀನಿ ಈಗ, ಏನು ಬಂತು?"

ಅವರ ಬಾಯಿಂದ ಸೋಲಿನ ಮಾತು ಕೇಳಿದ್ದು ನಾನು ಅದೊಂದೇ ಸಲ. ಆ ಚಿತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯನ್ನೂ ಅವತ್ತೇ ಹೇಳಿದರು. ಒಂದೇ ಒಂದು ಸಲ ನಾನು ಅಂಜದೆ ನಡೆದಿದ್ದೆನಲ್ಲ, ಅದು ಹೇಗಿತ್ತು ನೋಡಬೇಕು, ಎಂದರು.

ಕಾಲ ಹೋಯಿತು. ಎಲ್ಲರ ಮನೆಗೂ ಫೋನ್ ಬಂತು, ನಮ್ಮ ಟ್ರಂಕ್ ಬೋರ್ಡುಗಳನ್ನು ಬಿಚ್ಚಿ ಮೂಲೆಗೆ ಹಾಕಿದರು, ಅಕ್ಕಾರು ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ಊರಿನ ಪಶ್ಚಿಮದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳು ಎದ್ದವು. ತಮ್ಮನ ಮಗಳು ಸ್ಮಿತಾ ಅಲ್ಲೊಂದು ಕಂಪ್ಯೂಟರ್ ಕಂಪನಿಗೆ ಸೇರಿದಳು. ಮುಂಜಾನೆ ಗಲ್ಲಿಯ ಬಾಯಿಗೆ ಕಂಪನಿಯ ಗಾಡಿ ಬಂದು ನಿಂತರೆ ಓಣಿಯ ಅರ್ಧ ಮಂದಿ ಗ್ಯಾಲರಿಯಲ್ಲಿ. ಅಂಥ ಹುಡುಗಿಗೆ ವರಗಳಿಗೇನು ಬರ? ಮೊದಲು ಹುಡುಗಿಯ ಜಾತಕ ಕೇಳುತ್ತಿದ್ದವರು ಈಗ ಪ್ಯಾಕೇಜ್ ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಕೊನೆಗೆ ಹಿಮಾಯತ್‌ನಗರದ ಒಂದು ಮನೆತನ ಗೊತ್ತಾಗುವ ಹಂತಕ್ಕೆ ಬಂತು. ಮೂಲ ಬಾಗಲಕೋಟೆಯವರು, ತಂದೆ ಸರ್ಕಾರಿ ಅಧಿಕಾರಿಯಾಗಿದ್ದವರು, ಹುಡುಗನೂ ಸ್ಮಿತಾಳಂತೆಯೇ ಇಂಜಿನಿಯರ್.

ಅದೇ ದಿನಗಳಲ್ಲಿ ಒಂದು ಭಾನುವಾರ ನಾನು ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದರುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹಳೇ ಸಿನಿಮಾದ ವಿಸಿಡಿಗಳನ್ನು ರಾಶಿ ಹಾಕಿಕೊಂಡಿದ್ದ. ತೆಲುಗು, ಹಿಂದಿಗಳ ನಡುವೆ ಆ ಚಿತ್ರ! ಚೌಕಾಸಿ ಮಾಡುವುದನ್ನೂ ಮರೆತು ತಂದೆ.

ಸಂಜೆ ಅಕ್ಕಾರು ಗಂಜಿ ಹಾಕಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಥೇಟರಿಗೆ ಹೊರಟವರಂತೆ ನಮ್ಮ ಮನೆಗೆ ಬಂದರು. ಜೊತೆಗೆ ಸ್ಮಿತಾ. ಚಿತ್ರ ಶುರುವಾಯಿತು. ಸೋದರಮಾವ ಮೊದಲನೆಯ ಮನೆಯಲ್ಲಿ ತಿಂದ, ಎರಡನೆಯ ಮನೆಯಲ್ಲಿ ತಿಂದ. ಅಕ್ಕಾರು ಸೋಫಾದ ಅಂಚಿಗೆ ಬಂದು ಕೂತರು. ಪರದೆಯ ಮೇಲೆ ಒಂದು ಗೆರೆ ಹಾಯಿತು. ಮಾವ ಆಗಲೇ ಬೇರೊಂದು ಮನೆಯಲ್ಲಿದ್ದ. ಅಲ್ಲಿ ಎದುರಿಗೆ ಕೂತ ಹುಡುಗಿ ಬೇರೆ ಯಾರೋ.

ಹಿಂದಕ್ಕೆ ಹಾಕಿದೆ, ಮುಂದಕ್ಕೆ ಹಾಕಿದೆ. ಡಿಸ್ಕನ್ನು ಸೀರೆಯಿಂದ ಒರೆಸಿದೆ. ಏನೂ ಆಗಲಿಲ್ಲ.

"ಬಿಡು ಹುಡುಗಿ. ಕತ್ತರಿಸ್ಯಾರ," ಎಂದರು ಅಕ್ಕಾರು.

ಚಿತ್ರವನ್ನು ನಿಲ್ಲಿಸಲು ಹೋದೆ, ಸ್ಮಿತಾ ಕೈ ಹಿಡಿದಳು. ಪರದೆಯ ಮೇಲೆ ಮಾವನ ಮುಂದೆ ಉಪ್ಪಿಟ್ಟು ಇಟ್ಟಿದ್ದರು. ಅವನು ಎಡಗೈಯಿಂದ ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ತಿನ್ನುತ್ತಿದ್ದ. ಹುಡುಗಿ ಎದ್ದು ನಿಂತಳು, ಅವನು ತಟ್ಟೆಯನ್ನು ಎದೆಗೆ ಅವುಚಿಕೊಂಡ. ಮುಂದಿನ ಮನೆಯಲ್ಲೂ ಹಾಗೆಯೇ. ಅದರ ಮುಂದಿನ ಮನೆಯಲ್ಲಿ ಹುಡುಗಿ ಒಳಗಿನಿಂದ ಬರುವುದು ಕಂಡರೆ ಸಾಕು, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ.

"ಅತ್ತೀ, ಯಾಕ ಹಂಗ ಮಾಡ್ತಾನ ಅಂವ?" ಎಂದಳು ಸ್ಮಿತಾ. ಕೇಳುತ್ತ ಕೇಳುತ್ತ ಅವಳಿಗೇ ತಿಳಿಯಿತು, ಬಾಯಿ ಮುಚ್ಚಿಕೊಂಡಳು.

"ನನಗ ಹೆದರ್ಯಾನ," ಎಂದರು ಅಕ್ಕಾರು. ಅವರಿಗೂ ಅದು ಆಗಲೇ ಗೊತ್ತಾಗಿದ್ದು. ಒಂದು ದಿನ ಹೋಗಿ ಬಂದವರು, ಆಮೇಲೆ ಡೈರೆಕ್ಟರ್ ಏನು ಮಾಡಿದರೆಂದು ಅವರಿಗೆ ಹೇಗೆ ತಿಳಿಯಬೇಕು? "ನೋಡ ಸ್ಮಿತಾ, ಸಿನಿಮಾ ಮುಗಿಯೂ ಮಟಾ ನನಗ ಹೆದರ್ಯಾನ!" ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ನನಗಂತೂ ಕತ್ತರಿ ಹಿಡಿದವನ ಕೈ ಸಿಕ್ಕಿದ್ದರೆ ಅಲ್ಲೇ ಮುರಿಯುತ್ತಿದ್ದೆ.

ವಿಸಿಡಿ ಸಿಕ್ಕ ಸುದ್ದಿ ತಮ್ಮನ ಕಿವಿಗೆ ಬಿತ್ತು. ಅವರು ಬೆವರಿಬಿಟ್ಟರು. ಅಬಿಡ್ಸ್‌ನಲ್ಲಿ ಮಾರುತ್ತಾರೆಂದರೆ ಹಿಮಾಯತ್‌ನಗರದವರು ನೋಡದೇ ಇರುತ್ತಾರೆಯೇ? ಅಂದು ನಾನು ಅಲ್ಲೇ ಇದ್ದೆ. ಅಕ್ಕಾರು ತಮ್ಮನಿಗೆ ಹೇಳಿದರು, "ಅಂಜಬ್ಯಾಡ. ನಾ ಅದರಾಗ ಇಲ್ಲ. ಕತ್ತರಿಸಿ ಒಗದಾರ."

"ಹೌದೇನು? ಛಲೋ ಆತು ಬಿಡು!" ಎಂದು ತಮ್ಮ ಉಸಿರು ಬಿಟ್ಟರು.

ಅವರು ಕೆಟ್ಟವರಲ್ಲ, ಅಕ್ಕನಿಗೆ ಎಂದೂ ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಿದವರಲ್ಲ. ಆದರೆ ಆ ಉಸಿರು ನನಗೂ ಕೇಳಿಸಿತು. ಅಕ್ಕಾರು ಒಂದೂ ಮಾತಾಡಲಿಲ್ಲ. ಇಷ್ಟು ವರ್ಷ ನೋಡಿದ ನನಗೆ ಗೊತ್ತಿತ್ತು, ಅವರು ಮಾತಾಡದಿದ್ದರೆ ಏನೋ ಕಾದಿದೆ ಎಂದು.

ಗಂಡಿನ ಕಡೆಯವರು ಬರುವ ದಿನ ಅಕ್ಕಾರಿಗೆ ನಮ್ಮ ಮನೆಯಲ್ಲೇ ಇರಲು ತಮ್ಮ ಹೇಳಿದ್ದರು. ಹಳಬರು ಯಾರಾದರೂ ಗುರುತು ಹಿಡಿದಾರು ಎಂಬ ಭಯ. ಅಕ್ಕಾರು ನಮ್ಮಲ್ಲಿ ಬಂದು ಚಹಾ ಕುಡಿದರು, ಕುಂಕುಮ ತಿದ್ದಿಕೊಂಡರು, "ನಡಿ" ಎಂದರು. ಹಿಂದಿನ ಬಾಗಿಲಿನಿಂದ ಹೋಗೋಣ ಎಂದರೆ ಕೇಳಲಿಲ್ಲ. ಎದುರು ಬಾಗಿಲಿನಿಂದಲೇ ಒಳಗೆ ಹೋಗಿ ಗಂಡಿನ ತಂದೆಯ ಎದುರಿನ ಕುರ್ಚಿಯಲ್ಲಿ ಕೂತರು.

ಅಲ್ಲಿ ಎಲ್ಲವೂ ಹಿಂದಿನಂತೆಯೇ ನಡೆದಿತ್ತು. ಸ್ಮಿತಾಳನ್ನು ಆ ಗೋಡೆಯಿಂದ ಈ ಗೋಡೆಗೆ ನಡೆಸಿಯಾಗಿತ್ತು. ಈಗ ಗಂಡಿನ ತಂದೆ ಶಿರಾ ಮುಗಿಸಿ ಉಪ್ಪಿಟ್ಟಿಗೆ ಕೈ ಹಾಕುತ್ತ, "ಆಫೀಸಿನಾಗ ಅಮೆರಿಕಾದವರ ಜೋಡಿ ಇಂಗ್ಲಿಷಿನಾಗ ಹೆಂಗ ಮಾತಾಡ್ತೀಯವಾ? ಸ್ವಲ್ಪ ಮಾತಾಡಿ ತೋರಸು," ಎನ್ನುತ್ತಿದ್ದರು. ಹುಡುಗ ನಾಚಿಕೆಯಿಂದ ನೆಲ ನೋಡುತ್ತಿದ್ದ. ಹೊಸಬರು ಬಂದದ್ದು ಕಂಡು, "ಇವರು?" ಎಂದರು ಅವನ ತಂದೆ.

"ನಮ್ಮ ಅಕ್ಕಾರಿ," ಎಂದರು ತಮ್ಮ, ತಡವರಿಸುತ್ತ. "ಟೆಲಿಫೋನ್ಸಿನಾಗ ಇದ್ರು."

"ಅದಕಿಂತ ಮೊದಲ ಸಿನಿಮಾದಾಗ ಇದ್ದೆರಿ," ಎಂದರು ಅಕ್ಕಾರು.

ಸ್ಮಿತಾಳ ತಾಯಿಯ ಕೈಯಲ್ಲಿದ್ದ ಚಹಾದ ಟ್ರೇ ಕಿಣಿಕಿಣಿ ಎಂದಿತು. ಹುಡುಗ ತಲೆ ಎತ್ತಿ, "ಏನ್ ಪಾರ್ಟ್ ಮಾಡಿದ್ರಿ?" ಎಂದು ಕೇಳಿದ. ಪಾಪ, ನಿಜವಾದ ಕುತೂಹಲದಿಂದಲೇ ಕೇಳಿದ.

"ನೋಡಾಕ ಬಂದವರ ಮುಂದಿನ ಉಪ್ಪಿಟ್ಟಿನ ತಟ್ಟಿ ಎತಗೊಂಡ ಹೋಗೂ ಹುಡುಗಿ ಪಾರ್ಟ್."

ನಾನು ಕಣ್ಣಾರೆ ಕಂಡೆ, ಗಂಡಿನ ತಂದೆಯ ಎಡಗೈ ತಂತಾನೇ ಬಂದು ತಟ್ಟೆಯ ಅಂಚನ್ನು ಹಿಡಿಯಿತು. ಸ್ಮಿತಾಳೂ ಕಂಡಳು. ತಡೆಯಲಾರದೆ ಗೊಳ್ಳೆಂದು ನಕ್ಕುಬಿಟ್ಟಳು.

ಗಂಡಿನ ತಂದೆ ತಟ್ಟೆ ಕೆಳಗಿಟ್ಟು ಎದ್ದರು. "ಮನಿಗೆ ಹೋಗಿ ಫೋನ್ ಮಾಡ್ತೀವ್ರಿ."

ಅಕ್ಕಾರು ಬಾಯಿ ತೆರೆಯುವ ಮೊದಲೇ ಸ್ಮಿತಾ ಎದ್ದು ನಿಂತಿದ್ದಳು. "ಫೋನ್ ಬ್ಯಾಡ್ರಿ. ನಿಮ್ಮನ್ನ ಕಾಯಸೂದಿಲ್ಲ ನಾನು, ಇಲ್ಲೇ ಹೇಳ್ತೀನಿ. ನನಗ ಒಪ್ಪಿಗಿ ಇಲ್ಲ."

ಗದಗಿನ ಆ ಮನೆಯಲ್ಲಿ ಬಾರದೆ ಉಳಿದ ಧೈರ್ಯ ಮಲ್ಕಾಜ್‌ಗಿರಿಯಲ್ಲಿ ಬಂತು ಎಂದು ನಾನು ತಿಳಿದೆ. ಅಕ್ಕಾರ ತಮ್ಮ ಹಾಗೆ ತಿಳಿಯಲಿಲ್ಲ. "ನನ್ನ ಮಗಳ ಬಾಳೇವು ಹಾಳ ಮಾಡಿದಿ," ಎಂದು ಒಂದೇ ಮನೆಯಲ್ಲಿದ್ದೂ ಅಕ್ಕನ ಜೊತೆ ಮಾತು ಬಿಟ್ಟರು. ಸ್ಮಿತಾ ತನಗೆ ಬೇಕಾದವನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗುವವರೆಗೂ ಅವರು ಅಕ್ಕನ ಜೊತೆ ಮಾತಾಡಲಿಲ್ಲ. ಬೇಜಾರಾಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಕ್ಕಾರು ಹೇಳಿದ್ದು, "ಮಾತಾಡೂದಿಲ್ಲ ಅಂತ ಎದುರಿಗೇ ಹೇಳ್ಯಾನಲಾ. ಕಾಯಸಲಿಲ್ಲ. ಅಷ್ಟರ ಮಟ್ಟಿಗೆ ಛಲೋ ಮನಶ್ಯಾನ ಅಂವ."

ಈಗ ಅವರಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನು ಗಲ್ಲಿಯವರನ್ನೆಲ್ಲ ಮನೆಗೆ ಕರೆದೆ. ಸ್ಮಿತಾ ಅಪ್ಪನನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು. ಎಲ್ಲರ ಕೈಗೂ ಉಪ್ಪಿಟ್ಟಿನ ತಟ್ಟೆ ಕೊಟ್ಟು ವಿಸಿಡಿ ಹಾಕಿದೆ. ಮೊದಲನೆಯ ಮನೆ, ಎರಡನೆಯ ಮನೆ. ಗೆರೆ ಹಾಯುವ ಮೊದಲು ಚಿತ್ರವನ್ನು ನಿಲ್ಲಿಸಿದೆ.

ಸ್ಮಿತಾ ಎದ್ದು ಟಿ.ವಿ. ಮುಂದೆ ಬಂದು ನಿಂತಳು. "ಇಲ್ಲಿ ಮೂರನೇ ಮನಿ ಐತ್ರಿ. ಕತ್ತರಿಸ್ಯಾರ. ಮೂರನೇ ಮನ್ಯಾಗ ನಮ್ಮ ಅತ್ತಿ ಅದಾಳ." ಅತ್ತೆ ಹೇಳಿದ್ದನ್ನೆಲ್ಲ ಹೇಳಿದಳು, ಹಸಿವು, ಸಿಟ್ಟು, ಬಾರದ ಅಳು. ಆಮೇಲೆ ನೆಟ್ಟಗೆ ನಡೆದು ಹೋಗಿ ಅಪ್ಪನ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. ಅವರ ಕೈಯಲ್ಲಿ ತುತ್ತು ಹಾಗೇ ಉಳಿಯಿತು.

ನಾನು ಚಿತ್ರ ಮುಂದುವರಿಸಿದೆ. ಸೋದರಮಾವ ಹೊಸ ಮನೆಯಲ್ಲಿ ಕೂತ. ಉಪ್ಪಿಟ್ಟು ಬಂತು. ಎಡಗೈಯಿಂದ ತಟ್ಟೆಯ ಅಂಚು ಗಟ್ಟಿಯಾಗಿ ಹಿಡಿದ. ಪಕ್ಕದ ಮನೆಯ ತೆಲುಗು ಅಜ್ಜಿ ಮೊದಲು ನಕ್ಕಳು, ಹಿಂದೆಯೇ ಇಡೀ ಮನೆ ನಕ್ಕಿತು. ಈಗ ಎಲ್ಲರಿಗೂ ಕಾರಣ ಗೊತ್ತಿತ್ತು. ಹುಡುಗಿ ಎದ್ದು ನಿಂತಳು, ಮಾವ ತಟ್ಟೆಯನ್ನು ಎದೆಗೆ ಅವುಚಿಕೊಂಡ, ಮತ್ತೆ ನಗು. ಅಕ್ಕಾರ ತಮ್ಮ ಕನ್ನಡಕ ತೆಗೆದರು. ಅವರೂ ನಗುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಮ್ಮ ಅಕ್ಕಗ ಹೆದರ್ಯಾನ," ಎಂದರು ಪಕ್ಕದವರಿಗೆ, ಎಲ್ಲರಿಗೂ ಕೇಳುವಂತೆ. "ನಮ್ಮ ಅಕ್ಕರಿ ಆಕಿ."

ಕಣ್ಣೊರೆಸಿಕೊಂಡು ಮಗಳ ಕಡೆ ಕೈ ಚಾಚಿದರು. "ತಟ್ಟಿ ಕೊಡವಾ ಇನ್ನ."

ಸ್ಮಿತಾ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು.

"ಊರಿಗೆ ಹೋಗಿ ಕಾಗದ ಬರೀತೀನ್ರಿ ಅಪ್ಪಾ," ಎಂದಳು.